ಆಚೆ ಅಂಗಡಿಯ ವಾರಿಜಕ್ಕ

ವಾರಿಜಕ್ಕ ಮನುಷ್ಯರ ಮುಖ ನೋಡುತ್ತಿರಲಿಲ್ಲ, ಭುಜ ನೋಡುತ್ತಿದ್ದರು. ಇಪ್ಪತ್ತು ವರ್ಷದ ಪರಿಚಯದವರು ಎದುರು ನಿಂತು ನಕ್ಕರೂ ಅವರ ಕಣ್ಣು ಮೊದಲು ಹೋಗುವುದು ಕೊರಳ ಬುಡದಿಂದ ತೋಳಿನ ತುದಿಯವರೆಗಿನ ಆ ಒಂದು ಗೇಣು ಜಾಗಕ್ಕೆ. ಅಲ್ಲಿ ಏನನ್ನೋ ಓದಿಕೊಂಡ ಮೇಲೆಯೇ "ಓ, ನೀವಾ!" ಎಂಬ ಉದ್ಗಾರ. ಕಡಬದ ಅರ್ಧಕ್ಕರ್ಧ ಹೆಂಗಸರ ಹೆಸರು ಅವರಿಗೆ ಬಾರದು. "ಎಡ ಭುಜ ಇಳಿದ ಟೀಚರ್", "ಹದಿನಾಲ್ಕೂವರೆಯವರ ಸೊಸೆ" ಎಂದೇ ವ್ಯವಹಾರ. ನನ್ನ ಮದುವೆ ನಿಶ್ಚಯವಾಗುವ ಮೊದಲು ಹುಡುಗಿಯ ಫೋಟೋ ತೋರಿಸಿದಾಗ "ಹದಿಮೂರೂಮುಕ್ಕಾಲು. ಒಳ್ಳೆ ಹುಡುಗಿ" ಎಂದಿದ್ದರು. ಹದಿಮೂರೂಮುಕ್ಕಾಲು ಇಂಚಿಗೂ ಒಳ್ಳೆಯತನಕ್ಕೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಮದುವೆಯಾದ ಮೇಲೆ ಸವಿತ ರವಿಕೆ ಹೊಲಿಸಲು ಹೋದಾಗ ಅಳತೆ ಅಷ್ಟೇ ಇತ್ತು. ಇನ್ನೊಂದು ಮಾತೂ ಸುಳ್ಳಾಗಲಿಲ್ಲ ಎಂದು ಇಲ್ಲಿ ಬರೆಯದಿದ್ದರೆ ಇದನ್ನು ಓದಿದ ದಿನ ನನಗೆ ಮನೆಯಲ್ಲಿ ಊಟ ಸಿಗಲಿಕ್ಕಿಲ್ಲ.

ಇಷ್ಟಾದರೂ ಅವರ ಕೊರಳಲ್ಲಿ ಹಳದಿ ಟೇಪು ಯಾವಾಗಲೂ ನೇತಾಡುತ್ತಿತ್ತು. ಅದನ್ನು ಅವರು ಹಿಡಿದು ಅಳೆದದ್ದನ್ನು ನಾನು ಕಂಡದ್ದು ಕಡಿಮೆ. ಗಿರಾಕಿಗಳಿಗೆ ನಂಬಿಕೆ ಬರಲಿ ಎಂದು ಒಮ್ಮೆ ಬೆನ್ನಿಗೆ ಹಿಡಿದ ಹಾಗೆ ಮಾಡಿ, ಟೇಪಿನ ಕಡೆ ನೋಡದೆಯೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಊಟಕ್ಕೆ ಕೂತರೂ ಟೇಪು, ಬಸ್ಸು ಹತ್ತಿದರೂ ಟೇಪು. "ಮಲಗುವಾಗ ತೆಗೀತೀರಾ ಇಲ್ವಾ?" ಎಂದು ನಾನು ಕೆಣಕಿದರೆ, "ತೆಗೆದ್ರೆ ಕೊರಳು ಖಾಲಿ ಖಾಲಿ ಆಗ್ತದೆ ಮಾರಾಯ" ಎನ್ನುತ್ತಿದ್ದರು. ಮದುವೆಯಾಗದ ಹೆಂಗಸು ಕೊರಳು ಖಾಲಿ ಎಂದರೆ ಕೇಳುವವರು ಬೇರೆ ಅರ್ಥ ಹಚ್ಚಿಯಾರು. ಅವರು ಹೇಳಿದ್ದು ಟೇಪಿನ ವಿಷಯ ಮಾತ್ರ.

ಕಡಬದಲ್ಲಿ ಅವರ ಟೈಲರ್ ಅಂಗಡಿ ಮತ್ತು ನನ್ನ ಝೆರಾಕ್ಸ್ ಅಂಗಡಿ ಒಂದೇ ಕಟ್ಟಡದಲ್ಲಿ, ನಡುವೆ ಒಂದು ಗೋಡೆ. ನನ್ನದು ಹೆಸರಿಗೆ ಝೆರಾಕ್ಸ್. ಪಹಣಿ ತೆಗೆದುಕೊಡುವುದು, ಆಧಾರ್ ಜೋಡಿಸುವುದು, ಸರಕಾರ ದಿನಕ್ಕೊಂದರಂತೆ ಹೊರಡಿಸುವ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಸುವುದು ನನ್ನ ಕಸುಬು. ವಾರಿಜಕ್ಕನ ತವರು ಐವರ್ನಾಡು. ಅಲ್ಲಿ ತಮ್ಮ ಪದ್ಮಯ್ಯನಿಗೆ ಅಡಿಕೆ ತೋಟ ಇತ್ತು, ಮನೆಯಿತ್ತು, ಅಕ್ಕನಿಗೆ ಒಂದು ಕೋಣೆಯೂ ಇತ್ತು. ಆದರೆ ಇಪ್ಪತ್ತೆರಡನೆಯ ವಯಸ್ಸಿಗೆ ಅವರು ಹೊಲಿಗೆ ಕಲಿತು ಕಡಬಕ್ಕೆ ಬಂದು ಬಾಡಿಗೆ ಕೋಣೆ ಹಿಡಿದವರು ಹಿಂದೆ ಹೋಗಲಿಲ್ಲ. "ಅಲ್ಲಿ ಕೂತ್ರೆ ನಾನು ಅಡಿಕೆ ಸುಲಿಯುವವಳು. ಇಲ್ಲಿ ನಾನು ವಾರಿಜ" ಎಂದು ಒಮ್ಮೆ ಹೇಳಿದ್ದರು. ಅವರ ಜೀವನದ ಹಟವೆಲ್ಲ ಆ ಎರಡು ವಾಕ್ಯದಲ್ಲಿತ್ತು.

ಅವರ ಹೊಲಿಗೆಯ ದೊಡ್ಡ ಗುಟ್ಟು ಒಳಗೆ ಬಟ್ಟೆ ಬಿಡುವುದು. ರವಿಕೆಯ ಎರಡೂ ಬದಿಗೆ, ತೋಳಿನ ಬುಡಕ್ಕೆ ಧಾರಾಳವಾಗಿ ಬಟ್ಟೆ ಮಡಚಿ ಬಿಡುತ್ತಿದ್ದರು. ಬೇರೆ ಟೈಲರುಗಳು ಕತ್ತರಿಸಿ ಎಸೆಯುವುದನ್ನು ಇವರು ಒಳಗೇ ಇಡುವುದು. ಶಾಲೆಗೆ ಹೋಗುವ ಹುಡುಗಿಯರ ತಾಯಂದಿರಿಗೆ ಅಂಗಿ ಕೊಡುವಾಗ "ಒಳಗೆ ಬಿಟ್ಟಿದ್ದೇನೆ" ಎಂಬ ಒಂದು ಮಾತು. ಮುಂದಿನ ವರ್ಷ ಬಿಡಿಸಿದರೆ ಅದೇ ಅಂಗಿ ಮತ್ತೆ ಮೈಗೆ ಹತ್ತುತ್ತಿತ್ತು. ಮನುಷ್ಯನ ಮೈ ಒಂದೇ ಹಾಗೆ ಇರುವುದಿಲ್ಲ, ಬಟ್ಟೆಗೆ ಅದು ಮೊದಲೇ ಗೊತ್ತಿರಬೇಕು ಎಂಬುದು ಅವರ ಸಿದ್ಧಾಂತ.

ಐವತ್ತು ದಾಟುವ ಹೊತ್ತಿಗೆ ಅವರ ಕೈ ನಡುಗಲು ಶುರುವಾಯಿತು. ಮೊದಲು ಸೂಜಿಗೆ ನೂಲು ಪೋಣಿಸುವಾಗ ಮಾತ್ರ. ಆಮೇಲೆ ಚಹಾದ ಲೋಟ ಹಿಡಿದಾಗ. ಪುತ್ತೂರಿನ ಡಾಕ್ಟರು ಮಾತ್ರೆ ಕೊಟ್ಟು, ನಡುಕ ಪೂರ್ತಿ ಹೋಗಲಿಕ್ಕಿಲ್ಲ ಎಂದರಂತೆ. ಒಂದು ದಿನ ಮದುಮಗಳ ರೇಷ್ಮೆ ರವಿಕೆಯ ಭುಜದಲ್ಲಿ ಕತ್ತರಿ ಅರ್ಧ ಇಂಚು ಒಳಗೆ ಹೋಯಿತು. ವಾರಿಜಕ್ಕ ಆ ಬಟ್ಟೆಯನ್ನು ಮಡಚಿ, ಅಂಥದ್ದೇ ಬಟ್ಟೆ ಹುಡುಕಲು ಪುತ್ತೂರಿಗೆ ಹೋಗಿ, ಬೇರೆ ಟೈಲರ್ ಕೈಯಲ್ಲಿ ಹೊಲಿಸಿ ಮದುಮಗಳ ಮನೆಗೆ ಮುಟ್ಟಿಸಿ ಬಂದರು. ಬಂದವರು ಕತ್ತರಿಯನ್ನು ಹಳೆಯ ಲಂಗದ ತುಂಡಿನಲ್ಲಿ ಸುತ್ತಿ ಮೇಜಿನ ಒಳಗಿಟ್ಟರು.

"ಇನ್ನು ಕತ್ತರಿ ಹಿಡಿಯುದಿಲ್ಲ" ಎಂದರು. ಐವರ್ನಾಡಿನ ಹೆಸರು ಇಬ್ಬರ ಬಾಯಿಯಲ್ಲೂ ಬಂದು ನಿಂತಿತ್ತು.

ಅದಾಗಿ ಕೆಲವು ದಿನಗಳಲ್ಲಿ, ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ನಾನು ಕಂಪ್ಯೂಟರಿನಲ್ಲಿ ಯಾವುದೋ ವಿಡಿಯೋ ನೋಡುತ್ತಿದ್ದೆ. ಕಂಪ್ಯೂಟರಿನೊಳಗೇ ಕಟ್ಟಿದ ಒಂದು ಲೋಕ. ದೇಶದೇಶದ ಜನ ಅಲ್ಲಿ ಬೊಂಬೆಗಳಾಗಿ ತಿರುಗಾಡುತ್ತಾರೆ, ಮನೆ ಕಟ್ಟುತ್ತಾರೆ, ಕುಣಿಯುತ್ತಾರೆ, ಮದುವೆಯನ್ನೂ ಆಗುತ್ತಾರೆ. ಬೊಂಬೆಗೆ ಬೇಕಾದ ಬಟ್ಟೆಬರೆಯನ್ನು ಅಲ್ಲಿಯ ಅಂಗಡಿಗಳಲ್ಲಿ ನಿಜವಾದ ದುಡ್ಡು ಕೊಟ್ಟು ಕೊಳ್ಳುತ್ತಾರೆ. ವಿಡಿಯೋದಲ್ಲಿ ಒಂದು ಬೊಂಬೆ ಸೀರೆ ಉಟ್ಟುಕೊಂಡಿತ್ತು. ನನ್ನ ಹಿಂದೆ ನಿಂತು ಇಣುಕಿದ ವಾರಿಜಕ್ಕ ಕೆಂಡಾಮಂಡಲವಾದರು.

"ಇದು ಯಾರು ಉಡಿಸಿದ್ದು? ಸೆರಗು ನೋಡು, ಮೈ ಒರೆಸುವ ಬೈರಾಸು ಒಣಗ್ಲಿಕ್ಕೆ ಹಾಕಿದ ಹಾಗೆ ಉಂಟು. ನೆರಿಗೆ ಎಲ್ಲ ತಿರುಗುಮುರುಗು. ಇದನ್ನು ದುಡ್ಡು ಕೊಟ್ಟು ತೆಕೊಳ್ತಾರಾ?"

"ತೆಕೊಳ್ತಾರೆ ವಾರಿಜಕ್ಕ."

"ಹಾಗಾದ್ರೆ ಅವರಿಗೆ ಸರಿಯಾದ್ದು ತೋರಿಸಿದವರಿಲ್ಲ."

ವ್ಯಾಪಾರಕ್ಕೆ ಜನ ಆಸೆಯಿಂದ ಇಳಿಯುತ್ತಾರೆ, ಇವರು ಸಿಟ್ಟಿನಿಂದ ಇಳಿದರು. ನನ್ನ ಎರಡನೆಯ ಕಂಪ್ಯೂಟರಿನ ಎದುರು ಕೂತು ನಾಲ್ಕು ತಿಂಗಳು ವಿಡಿಯೋ ನೋಡಿ ನೋಡಿ ಕಲಿತರು. ಬೊಂಬೆಯ ಮೈ ಅಳತೆಯ ಬರಿ ಬಿಳಿ ಸೀರೆಯ ಅಚ್ಚು ಬೇರೆಯವರು ಮಾಡಿ ಮಾರುತ್ತಾರೆ. ಅದನ್ನು ತಂದು ಬಣ್ಣ, ಅಂಚು, ನೆರಿಗೆಯ ನೆರಳು ಕೊಡುವುದು ಇವರ ಕೆಲಸ. ನೆರಳಿಗಾಗಿ ಅವರು ಪಟ್ಟ ಪಾಡು ನನಗೆ ಗೊತ್ತು. ಅಂಗಡಿಗೆ ಬಂದ ಹೆಂಗಸರನ್ನೆಲ್ಲ ಬಾಗಿಲ ಬೆಳಕಿಗೆ ನಿಲ್ಲಿಸಿ ನೆರಿಗೆಯ ಫೋಟೋ ಹಿಡಿಯುವರು. ಪಹಣಿಗೆ ಬಂದ ಒಬ್ಬರು, ಇದೂ ಸರಕಾರದ ಹೊಸ ದಾಖಲೆ ಇರಬೇಕೆಂದು ತಿರುಗಿ ತಿರುಗಿ ನಿಂತು ಕೊಟ್ಟಿದ್ದರು. ಮೌಸ್ ಹಿಡಿದ ಕೈ ನಡುಗುತ್ತಿತ್ತು. ಆದರೆ ತಪ್ಪಿದರೆ ಒಂದು ಗುಂಡಿ ಒತ್ತಿ ಹಿಂದಕ್ಕೆ ತರಬಹುದೆಂದು ಗೊತ್ತಾದ ದಿನ ಅವರ ಕಣ್ಣಲ್ಲಿ ನೀರು ಬಂತು.

"ಕತ್ತರಿಸಿದ್ದು ಪುನಃ ಕೂಡ್ತದೆ ಮಾರಾಯ!" ಎಂದು ಮೂರು ಸಲ ಹೇಳಿದರು.

ಹಾಗೆ ಆ ಲೋಕದಲ್ಲಿ ತಿಂಗಳ ಬಾಡಿಗೆಗೆ ಒಂದು ಜಾಗ ಹಿಡಿದು ಅಂಗಡಿ ಇಟ್ಟರು. ಕಡಬದ್ದು ಈಚೆ ಅಂಗಡಿ, ಅದು ಆಚೆ ಅಂಗಡಿ. ಬೋರ್ಡಿನಲ್ಲಿ ಕನ್ನಡದಲ್ಲೇ 'ವಾರಿಜಾ' ಎಂದು ಬರೆಸಿದರು. "ಓದ್ಲಿಕ್ಕೆ ಆಗದಿದ್ರೆ ಬೇಡ, ಚಂದ ಉಂಟಲ್ಲ" ಎಂದರು. ಬೆಳಿಗ್ಗೆ ಆರೂವರೆಗೆ ಬಂದು ಕೂರುತ್ತಿದ್ದರು, ಸಮುದ್ರದಾಚೆಯವರಿಗೆ ಅದು ಸಂಜೆ ತಿರುಗಾಟದ ಹೊತ್ತು. ಅಲ್ಲಿಯ ಜನರನ್ನು ಕಂಡು ಅವರಿಗೆ ಒಂದೇ ಬೇಸರ. "ಒಬ್ಬರಿಗಾದ್ರೂ ಭುಜ ಇಳಿದಿಲ್ಲ ಮಾರಾಯ. ಎಲ್ಲ ಒಂದೇ ಅಳತೆ. ಎಂತ ಜನವೋ!" ಎನ್ನುತ್ತಿದ್ದರು.

ಅವರ ಮೊದಲ ಗಿರಾಕಿ ನೀಲಿ ಕೂದಲಿನ ಒಂದು ಬೊಂಬೆ. ಅದರ ಹಿಂದೆ ಯಾವ ದೇಶದ ಯಾವ ಹೆಂಗಸು ಇದ್ದಳೋ ಗೊತ್ತಿಲ್ಲ. ವಾರಿಜಕ್ಕ ಇಟ್ಟ ಹೆಸರು ನೀಲಿಕೂದಲು. ಹಸಿರು ಅಂಚಿನ ಬಿಳಿ ಸೀರೆ ಕೊಂಡು, ಉಟ್ಟು, ಅಂಗಡಿಯ ಎದುರೇ ಒಂದು ಸುತ್ತು ಕುಣಿದಳು. ಆಮೇಲೆ ಇಂಗ್ಲಿಷಿನಲ್ಲಿ ಸಂದೇಶ ಕಳಿಸಿದಳು. ನಾನು ಓದಿ ಹೇಳಿದೆ, "ನೀವು ಹಾಕಿದ ನೆರಿಗೆ ನಡೆಯುವಾಗ ನಿಜವಾಗಿ ಬೀಳುವ ಹಾಗೆ ಕಾಣುತ್ತದಂತೆ." ವಾರಿಜಕ್ಕ ಅದನ್ನು ನನ್ನಿಂದ ಕನ್ನಡದಲ್ಲಿ ಬರೆಸಿಕೊಂಡು ಅಳತೆ ಪುಸ್ತಕದೊಳಗೆ ಇಟ್ಟುಕೊಂಡರು. ಮುಂದಿನ ಮೂರು ವರ್ಷ ನೀಲಿಕೂದಲು ತನ್ನ ಗೆಳತಿಯರನ್ನೆಲ್ಲ ಕರೆತಂದಳು. ಆಚೆಯ ಮದುವೆಗಳಿಗೆ ಇವರ ಸೀರೆ, ಮುಡಿಗೆ ಇವರ ಮಲ್ಲಿಗೆ. ಕೋಣೆಯ ಬಾಡಿಗೆ, ಅಕ್ಕಿ, ಮಾತ್ರೆ ಎಲ್ಲ ಅದರಲ್ಲೇ ನಡೆಯಿತು. ಐವರ್ನಾಡಿನ ಮಾತೇ ಇರಲಿಲ್ಲ. ನನಗಂತೂ ಇವರು ಗೆದ್ದರು ಅನಿಸಿತ್ತು.

ಒಂದು ದೀಪಾವಳಿ ಕಳೆದ ಸೋಮವಾರ ವ್ಯಾಪಾರ ನಿಂತಿತು. ಕಡಿಮೆಯಾದದ್ದಲ್ಲ, ನಿಂತದ್ದು. ಹಿಂದಿನ ವಾರ ದಿನಕ್ಕೆ ಏಳೆಂಟು ಸೀರೆ ಹೋಗುತ್ತಿದ್ದ ಅಂಗಡಿಯಲ್ಲಿ ಒಂದು ಮಲ್ಲಿಗೆ ದಂಡೆಯೂ ಹೋಗಲಿಲ್ಲ. "ಅಲ್ಲಿ ಕರೆಂಟು ಹೋಗಿರ್ಬೇಕು" ಎಂದರು ವಾರಿಜಕ್ಕ. ಮಂಗಳವಾರ ನನ್ನ ಕಂಪ್ಯೂಟರಿನ ಮೇಲೆ ಸಂಶಯಪಟ್ಟು ಅದನ್ನು ಆರಿಸಿ ಹಾಕಿಸಿದರು. ಬುಧವಾರ ಸೀರೆಗಳನ್ನು ಒಂದೊಂದಾಗಿ ಎಣಿಸಿದರು.

ಎರಡು ವಾರ ಹೀಗೇ ಹೋದ ಮೇಲೆ ನೀಲಿಕೂದಲಿನ ಸಂದೇಶ ಬಂತು. ಆ ದಿನ ನನ್ನ ಅಂಗಡಿಯಲ್ಲಿ ರೇಷನ್ ಕಾರ್ಡಿಗೆ ಬೆರಳು ಒತ್ತುವವರ ಸಾಲು ರಸ್ತೆಯವರೆಗೆ ಇತ್ತು, ಸರ್ವರು ಸತ್ತಿತ್ತು, ಸಾಲಿನಲ್ಲಿದ್ದವರು ಸರಕಾರವನ್ನು ಬಿಟ್ಟು ನನ್ನನ್ನು ಬೈಯುತ್ತಿದ್ದರು.

"ನೀಲಿಕೂದಲು ಎಂತ ಹೇಳಿದ್ದಾಳೆ ಹರೀಶ?" ಎಂದು ವಾರಿಜಕ್ಕ ಕೇಳಿದರು.

ನಾನು ಮೇಲಿನ ಒಂದು ಸಾಲು ನೋಡಿದೆ. ಹೇಗಿದ್ದೀರಿ ಎಂದಿತ್ತು. ಕೆಳಗೆ ಇನ್ನೂ ಎಂಟು ಹತ್ತು ಸಾಲು ಇದ್ದವು.

"ಎಂತದೂ ಇಲ್ಲ. ಕುಶಲ ಕೇಳಿದ್ದು" ಎಂದೆ.

ಆ ಎಂಟು ಹತ್ತು ಸಾಲು ಓದಿದ್ದರೆ ಇವತ್ತು ಇದನ್ನು ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಅದರಲ್ಲಿ ಅವಳು ಕಾರಣವನ್ನೇ ಬರೆದಿದ್ದಳು. ಬೊಂಬೆಗಳಿಗೆ ಹೊಸ ಮೈ ಬಂದಿದೆ, ಎಲ್ಲರೂ ಹಳೆಯ ಮೈ ಬಿಟ್ಟು ಅದಕ್ಕೆ ಹೋಗುತ್ತಿದ್ದಾರೆ, ನಿಮ್ಮ ಸೀರೆ ಹಳೆಯ ಮೈಗೆ ಮಾತ್ರ ಹಿಡಿಯುತ್ತದೆ. ಹೊಸ ಮೈಗೆ ಬೇಗ ಮಾಡಿಕೊಡುತ್ತೀರಾ, ನಾನೂ ಗೆಳತಿಯರೂ ಕಾಯುತ್ತೇವೆ. ಇದನ್ನು ನಾನು ಓದಿದ್ದು ಒಂಬತ್ತು ತಿಂಗಳು ಕಳೆದ ಮೇಲೆ.

ಕಾರಣ ಗೊತ್ತಿಲ್ಲದ ರೋಗಕ್ಕೆ ಕಂಡದ್ದೆಲ್ಲ ಮದ್ದು. ವಾರಿಜಕ್ಕ ಮೊದಲು ಅಂಗಡಿಯ ಸೀರೆಗಳ ಜಾಗ ಬದಲಿಸಿದರು. ಆಮೇಲೆ ಅಂಗಡಿಯನ್ನೇ ಪೂರ್ವಕ್ಕೆ ತಿರುಗಿಸಲು ಹೇಳಿದರು. ಆಚೆ ಲೋಕದಲ್ಲಿ ಪೂರ್ವ ಯಾವುದೆಂದು ನಾನು ನಕ್ಕರೆ, "ಸೂರ್ಯ ಮೂಡುದು ಕಾಣ್ತದಲ್ಲ, ಕಣ್ಣು ಉಂಟಾ ಇಲ್ವಾ?" ಎಂದು ಗದರಿದರು. ತಿರುಗಿಸಿದ ದಿನ ಒಬ್ಬ ಬಂದ. ರೆಕ್ಕೆ ಇದ್ದ ಗಂಡು ಬೊಂಬೆ. ಅಂಗಡಿಯ ನೆರಳಿನಲ್ಲಿ ಸ್ವಲ್ಪ ಹೊತ್ತು ಕೂತು ಹಾರಿಹೋದ. ಬಾಗಿಲಲ್ಲಿ ಮಲ್ಲಿಗೆ ದಂಡೆಯನ್ನು ಪುಕ್ಕಟೆ ಇಟ್ಟು ನೋಡಿದರು. ತಮ್ಮ ಬೊಂಬೆಗೆ ಸೀರೆ ಉಡಿಸಿ ದಿನವಿಡೀ ಬಾಗಿಲಲ್ಲಿ ನಿಲ್ಲಿಸಿದರು. ಬೊಂಬೆ ನಿಂತರೆ ಇವರು ಕೂತಲ್ಲಿಂದ ಏಳಬಾರದೆಂದು ಏನೂ ಇಲ್ಲ, ಆದರೂ ಏಳುತ್ತಿರಲಿಲ್ಲ. ನಾನು ಬೆಲೆ ಇಳಿಸುವ ಮಾತೆತ್ತಿದೆ.

"ರೇಟು ಇಳಿಸಿದ್ರೆ ಮಾಲು ಹಾಳು ಅಂತ ನಾವೇ ಹೇಳಿದ ಹಾಗೆ ಆಗ್ತದೆ" ಎಂದರು.

ಮಕರ ಸಂಕ್ರಾಂತಿಯ ಹೊತ್ತಿಗೆ ತಮ್ಮ ಪದ್ಮಯ್ಯ ಕಡಬಕ್ಕೆ ಬಂದ. ಒಳ್ಳೆಯ ಮನುಷ್ಯ, ಅಕ್ಕನ ಮೇಲೆ ಪ್ರೀತಿಯೂ ಇತ್ತು. ಕಂಪ್ಯೂಟರಿನ ಎದುರು ನಿಂತು ವಿಷಯವೆಲ್ಲ ಕೇಳಿದ. ನಮ್ಮ ಕಡೆಯ ಅಡಿಕೆಯ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ಹೊಸ ಅಡಿಕೆಗಿಂತ ಹಳೆ ಅಡಿಕೆಗೆ ಬೆಲೆ ಹೆಚ್ಚು. ದರ ಬಿದ್ದರೆ ಬೆಳೆಗಾರ ಹೆದರಿ ಮಾರುವುದಿಲ್ಲ, ಗೋಣಿ ಕಟ್ಟಿ ಒಳಗಿಟ್ಟು ವರ್ಷ ಕಾಯುತ್ತಾನೆ. ಅಡಿಕೆ ಹಳತಾಗುತ್ತದೆ, ದರವೂ ಏರುತ್ತದೆ. ನಮ್ಮ ಸವಣೂರಿನಿಂದ ಸುಳ್ಯದವರೆಗೆ ಹುಟ್ಟಿದ ಪ್ರತಿ ಮಗುವಿಗೂ ಇದು ಮಗ್ಗಿಗಿಂತ ಮೊದಲು ಬರುತ್ತದೆ.

"ಅಕ್ಕ, ಬಿದ್ದ ಪೇಟೆಗೆ ಮಾಲು ಹಿಡ್ಕೊಂಡು ನಿಲ್ಲುದಾ? ಎಲ್ಲ ಒಳಗೆ ಹಾಕಿ ಬಿಡು. ಕೇಳಿಕೊಂಡು ಬರ್ತಾರೆ" ಎಂದ ಪದ್ಮಯ್ಯ.

"ಪದ್ಮಯ್ಯಣ್ಣ, ಇದು ಅಡಿಕೆ ಅಲ್ಲ" ಎಂದೆ.

"ಮಾಲು ಅಂದ್ರೆ ಮಾಲೇ ಅಲ್ವಾ ಮಾರಾಯ್ರೆ? ಎಂತ ಅಡಿಕೆ, ಎಂತ ಸೀರೆ!"

ವಾರಿಜಕ್ಕನ ಮುಖದಲ್ಲಿ ಎರಡು ತಿಂಗಳ ನಂತರ ಒಂದು ಕಳೆ ಬಂತು. ಮೂವತ್ತು ವರ್ಷ ಅಡಿಕೆಯಿಂದ ದೂರ ಓಡಿದ ಹೆಂಗಸಿಗೆ ಕಷ್ಟದಲ್ಲಿ ಹಿಡಿದುಕೊಳ್ಳಲು ಸಿಕ್ಕಿದ್ದು ಅಡಿಕೆಯ ಬುದ್ಧಿಯೇ. ಮರುದಿನ ನನ್ನನ್ನು ಕೂರಿಸಿ ಸೀರೆಗಳನ್ನೆಲ್ಲ ಅಂಗಡಿಯಿಂದ ತೆಗೆಸಿದರು. ನಾನು ಒಟ್ಟಿಗೆ ಎಲ್ಲವನ್ನೂ ಆರಿಸಿ ತೆಗೆಯಲು ಹೊರಟರೆ ಕೈ ತಡೆದರು.

"ಒಂದೊಂದೇ ತೆಗಿ. ನೆರಿಗೆ ಹಾಳಾಗ್ತದೆ."

ಕಂಪ್ಯೂಟರಿನಲ್ಲಿ ನೆರಿಗೆ ಹಾಳಾಗುವುದಿಲ್ಲ, ಆದರೂ ಒಂದೊಂದೇ ತೆಗೆದೆ. ಎಲ್ಲ ಖಾಲಿಯಾದ ಮೇಲೆ ಬಾಗಿಲಿಗೆ ಒಂದು ಬೋರ್ಡು ಹಾಕಲು ಹೇಳಿದರು. 'ಮಾಲು ಉಂಟು. ಈಗ ಕೊಡುವುದಿಲ್ಲ.' ನಾನು ಅದನ್ನು ಇಂಗ್ಲಿಷಿಗೆ ತಂದೆ. ಸಮುದ್ರದಾಚೆಯವರು ಅದನ್ನು ಓದಿ ಏನೆಂದುಕೊಂಡರೋ. ಯಾರ ಮೇಲೋ ಮುನಿಸಿಕೊಂಡು ಬಾಗಿಲು ಹಾಕಿದ ಹೆಂಗಸು ಎಂದೇ ತಿಳಿದಿರಬೇಕು. ನಮ್ಮ ಪುತ್ತೂರಿನ ಪೇಟೆಯಲ್ಲಿ ಆ ಬೋರ್ಡು ಹಾಕಿದ್ದರೆ ವ್ಯಾಪಾರಿಗಳು ಸಾಲಾಗಿ ಬಂದು ದರ ಕೇಳುತ್ತಿದ್ದರು.

ಖಾಲಿ ಅಂಗಡಿಗೂ ಬಾಡಿಗೆ ಬಿಡುವುದಿಲ್ಲ. ಫೆಬ್ರವರಿಯಲ್ಲಿ ವಾರಿಜಕ್ಕ ಹೊಲಿಗೆ ಮೆಷಿನ್ ಮಾರಿದರು. ಹತ್ತಿರದ ಆಲಂಕಾರು ಊರಿನವರು ಅದನ್ನು ಆಟೋದಲ್ಲಿ ಹಾಕಿಕೊಂಡು ಹೋಗುವಾಗ ಇವರು ಬಾಗಿಲಿಗೂ ಬರದೆ ಕಂಪ್ಯೂಟರಿನ ಎದುರು ಕೂತು ಖಾಲಿ ಅಂಗಡಿಯನ್ನೇ ನೋಡುತ್ತಿದ್ದರು. ಈಚೆ ಅಂಗಡಿಯನ್ನೂ ಬಿಟ್ಟುಕೊಟ್ಟರು, ಅಲ್ಲಿಗೆ ಮೊಬೈಲ್ ರಿಪೇರಿಯವರು ಬಂದರು. ದಿನಾ ಬೆಳಿಗ್ಗೆ ಆರೂವರೆಗೆ ಬಂದು, ಆಚೆಯ ಬಾಗಿಲು ತೆರೆದು, ಬೋರ್ಡು ಇದೆಯೇ ಎಂದು ನೋಡಿ, ಮುಚ್ಚಿ ಹೋಗುತ್ತಿದ್ದರು. ಕೊರಳಲ್ಲಿ ಟೇಪು ಇತ್ತು. ನನಗೆ ಕನಿಕರಕ್ಕಿಂತ ಸಿಟ್ಟು ಬರುತ್ತಿತ್ತು. ಆ ಸಿಟ್ಟು ನನ್ನ ಮೇಲೆಯೇ ಇರಬೇಕಾದದ್ದು ಎಂದು ಆಗ ಗೊತ್ತಿರಲಿಲ್ಲ.

ಮಳೆಯ ಆಟಿ ತಿಂಗಳು ಕಳೆದು, ಆಗಸ್ಟಿನ ನಡುವಿಗೆ ಸೋಣ ತಿಂಗಳು ಹಿಡಿದ ದಿನ, ಇನ್ನು ದರ ಬಂದಿರಬೇಕೆಂದು ಲೆಕ್ಕ ಹಾಕಿ ಸೀರೆಗಳನ್ನು ಹೊರಗೆ ತೆಗೆಸಿದರು. ಸ್ವಲ್ಪ ಹೊತ್ತಿಗೆ ಒಂದು ಬೊಂಬೆ ಬಂತು. ವಾರಿಜಕ್ಕ ಕುರ್ಚಿ ಮುಂದಕ್ಕೆಳೆದರು. ಬೊಂಬೆ ಹಸಿರು ಅಂಚಿನ ಸೀರೆಯ ಎದುರು ನಿಂತು ಅದನ್ನು ಉಟ್ಟು ನೋಡಿತು. ಅದರ ಎರಡೂ ಭುಜಗಳು ರವಿಕೆಯನ್ನು ತೂರಿಕೊಂಡು ಹೊರಗೆ ಬಂದವು. ಹೊಟ್ಟೆ ನೆರಿಗೆಯ ನಡುವಿನಿಂದ ಇಣುಕಿತು. ಬೊಂಬೆ ಒಂದು ಕ್ಷಣ ಹಾಗೇ ನಿಂತು, ಸೀರೆ ಕಳಚಿ ಹೊರಟುಹೋಯಿತು.

ವಾರಿಜಕ್ಕ ಕಂಪ್ಯೂಟರಿನ ಹತ್ತಿರ ಬಾಗಿ ಆ ಸೀರೆಯನ್ನೇ ನೋಡಿದರು.

"ಭುಜ ಹೊರಗೆ ಬಂತಲ್ಲ ಹರೀಶ" ಎಂದರು. "ಮೈ ಬದಲಿದೆ ಇವರದ್ದು."

ನಾನು ಹುಡುಕಿ ನೋಡಿ ಹೌದು ಎಂದೆ.

"ಸ್ವಲ್ಪ ಬಿಡಿಸಿದ್ರೆ ಆಗುದಿಲ್ವಾ?"

"ಬಿಡಿಸ್ಲಿಕ್ಕೆ ಒಳಗೆ ಬಟ್ಟೆ ಇರುದಿಲ್ಲ ವಾರಿಜಕ್ಕ. ಅಚ್ಚೇ ಬೇರೆ."

ಜೀವನವಿಡೀ ಒಳಗೆ ಬಟ್ಟೆ ಬಿಟ್ಟು ಹೊಲಿದ ಹೆಂಗಸಿಗೆ ಈ ಮಾತು ನಾನು ಹೇಳಬೇಕಾಯಿತು. ಅವತ್ತು ಸಂಜೆ ನಾನು ಹಳೆಯ ಸಂದೇಶಗಳನ್ನು ಒಂದೊಂದಾಗಿ ತೆರೆದು ನೋಡಿದೆ. ನೀಲಿಕೂದಲಿನ ಆ ಪತ್ರ ಅಲ್ಲೇ ಇತ್ತು. ಕಾಯುತ್ತೇವೆ ಎಂದಿದ್ದಳು. ಅದರ ಕೆಳಗೆ ಮೂರು ತಿಂಗಳ ನಂತರ ಇನ್ನೊಂದು ಸಾಲು ಕಳಿಸಿದ್ದಳು, ನೀವು ಅಂಗಡಿ ಮುಚ್ಚಿದಿರೆಂದು ಕಂಡು ಬೇಸರವಾಯಿತು, ನಿಮ್ಮ ಸೀರೆಯನ್ನು ಮರೆಯುವುದಿಲ್ಲ ಎಂದು. ಆಮೇಲೆ ಏನೂ ಇರಲಿಲ್ಲ.

ಮರುದಿನ ಹೇಳಬೇಕೆಂದು ಬಾಯಿ ತೆರೆದೆ. ವಾರಿಜಕ್ಕ ಬಂದವರೇ ನನ್ನ ಭುಜ ನೋಡಿದರು.

"ನಿನ್ನ ಎಡ ಭುಜ ಇಳಿದಿದೆ. ಎಂತ ಹೊತ್ತುಕೊಂಡಿದ್ದಿ?"

"ಎಂತದೂ ಇಲ್ಲ" ಎಂದೆ. ಮೊದಲ ಸಲ ಸುಳ್ಳು ಹೇಳಿದಾಗಲೂ ಇದೇ ಎರಡು ಶಬ್ದ ಬಳಸಿದ್ದೆ.

ಹೊಸ ಮೈಯ ಅಚ್ಚು ತಂದು ಅವರು ಮತ್ತೆ ಕೂತರು. ನಡುಕ ಹೆಚ್ಚಾಗಿತ್ತು. ಎರಡು ತಿಂಗಳಲ್ಲಿ ಎರಡು ಸೀರೆ ಆದವು. ನನ್ನ ಕಣ್ಣಿಗೆ ಹಿಂದಿನವುಗಳಿಗಿಂತ ಚಂದ ಇದ್ದವು. ಆದರೆ ನೋಡಲು ಯಾರೂ ಬರಲಿಲ್ಲ. ನಾನು ಗುಟ್ಟಾಗಿ ನೀಲಿಕೂದಲಿಗೆ ಕ್ಷಮೆ ಕೇಳಿ ಬರೆದೆ, ಉತ್ತರ ಬರಲಿಲ್ಲ. ಅವಳು ಆ ಲೋಕವನ್ನೇ ಬಿಟ್ಟಿದ್ದಳೋ ಏನೋ. ಅಕ್ಟೋಬರ್ ತಿಂಗಳ ಬಾಡಿಗೆ ಕಟ್ಟಲಾಗದೆ ಜಾಗ ಹೋಯಿತು. ಆ ಲೋಕದ ಕ್ರಮ ಹೇಗೆಂದರೆ, ಜಾಗ ಹೋದ ದಿನ ಅದರ ಮೇಲಿದ್ದ ವಸ್ತುಗಳೆಲ್ಲ ಒಂದು ಕಟ್ಟಾಗಿ ಯಜಮಾನನಿಗೆ ಹಿಂದೆ ಬರುತ್ತವೆ. ಗೋಡೆ, ಬಾಗಿಲು, ಸೀರೆಗಳು, 'ವಾರಿಜಾ' ಎಂಬ ಬೋರ್ಡು, ಎಲ್ಲ ಒಟ್ಟಿಗೆ ಬಂದವು. 'ಕಳೆದುಹೋಗಿ ಸಿಕ್ಕಿದ್ದು' ಎಂಬ ಹೆಸರಿನ ಪೆಟ್ಟಿಗೆಯೊಳಗೆ ಇದ್ದವು.

"ಸಿಕ್ಕಿತಲ್ಲ, ಇನ್ನೆಂತ" ಎಂದು ವಾರಿಜಕ್ಕ ಎದ್ದರು. ಆ ವಾರವೇ ಪದ್ಮಯ್ಯ ಜೀಪು ತಂದು ಅಕ್ಕನನ್ನು ಕರೆದುಕೊಂಡು ಹೋದ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಕಳೆದ ಮಾರ್ಚಿನಲ್ಲಿ. ಜೂನಿನಲ್ಲಿ ತೀರಿಕೊಂಡರು, ನನಗೆ ತಿಳಿದದ್ದು ಕಾರ್ಯವೆಲ್ಲ ಮುಗಿದ ಮೇಲೆ. ಮಾರ್ಚಿನ ಆ ಭಾನುವಾರ ಸವಿತ ಮತ್ತು ಮಗಳು ದೀಕ್ಷಾಳನ್ನು ಕರೆದುಕೊಂಡು, ಸವಣೂರಿನಲ್ಲಿ ಬಸ್ಸು ಬದಲಿಸಿ, ಬೆಳ್ಳಾರೆ ದಾಟಿ ಐವರ್ನಾಡಿಗೆ ಹೋಗಿದ್ದೆ. ಪದ್ಮಯ್ಯನ ಮನೆಯ ಎದುರು ಜೀಪು ನಿಂತಿತ್ತು. ಎರಡು ವರ್ಷ ಒಳಗಿಟ್ಟ ಹಳೆ ಅಡಿಕೆಯ ಗೋಣಿಗಳನ್ನು ತುಂಬಿಸುತ್ತಿದ್ದರು. ದರ ಬಂದಿತ್ತು. ಪದ್ಮಯ್ಯನಿಗೆ ಖುಷಿಯೋ ಖುಷಿ, ನಮ್ಮನ್ನು ಕೈಹಿಡಿದು ಒಳಗೆ ಕರೆದ.

ವಾರಿಜಕ್ಕ ಬದಿಯ ಶೆಡ್ಡಿನಲ್ಲಿ ಗೋಣಿಯ ಮೇಲೆ ಕೂತಿದ್ದರು. ನಡುಗುವ ಕೈಗೆ ಸುಲಿಯುವ ಕತ್ತಿ ಆಗದೆಂದು ಅಡಿಕೆ ಹೆಕ್ಕುವ ಕೆಲಸ ಕೊಟ್ಟಿದ್ದರು, ಒಳ್ಳೆಯದು ಒಂದು ಬುಟ್ಟಿಗೆ, ಒಡೆದದ್ದು ಇನ್ನೊಂದಕ್ಕೆ. ಕೊರಳು ಖಾಲಿಯಾಗಿತ್ತು. ಹೆಂಡತಿ ಮತ್ತು ಮಗಳು ಮನೆಯವರ ಜೊತೆ ಮಾತಾಡುತ್ತಿದ್ದಾಗ ನಾನು ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು ನೀಲಿಕೂದಲಿನ ಪತ್ರದ ವಿಷಯವೆಲ್ಲ ಹೇಳಿಬಿಟ್ಟೆ. ಓದದೆ ಸುಳ್ಳು ಹೇಳಿದ್ದನ್ನೂ, ಆಮೇಲೆ ಓದಿ ಮುಚ್ಚಿಟ್ಟದ್ದನ್ನೂ.

ಅವರ ಕೈ ನಿಲ್ಲಲಿಲ್ಲ.

"ನಂಗೆ ಗೊತ್ತಿತ್ತು ಮಾರಾಯ" ಎಂದರು. "ಆ ಕಾಗದ ನನ್ನ ಫೋನಿಗೂ ಬಂದಿತ್ತಲ್ಲ. ಪೋಸ್ಟಾಫೀಸಿನ ಹುಡುಗಿ ಹತ್ರ ಓದಿಸಿದ್ದೆ."

"ಗೊತ್ತಿದ್ರೆ ಮತ್ತೆ ಯಾಕೆ ವಾರಿಜಕ್ಕ?"

"ಹೊಸತು ಬಂತು ಅಂತ ಹಳತನ್ನು ಯಾರಾದ್ರೂ ಬಿಸಾಡ್ತಾರಾ? ಹಾಗೆ ಅಂದ್ಕೊಂಡೆ." ಜೀಪಿನ ಕಡೆ ಗಲ್ಲ ಎತ್ತಿ ತೋರಿಸಿದರು. "ಇವನದ್ದು ಇಟ್ಟದ್ದಕ್ಕೆ ಬಂತು. ನಂದು ಇಟ್ಟದ್ದಕ್ಕೆ ಹೋಯ್ತು. ಅಷ್ಟೇ."

ಇದು ನಿಜವೋ, ನನ್ನ ಭಾರ ಇಳಿಸಲು ಹೇಳಿದ ಮಾತೋ, ಈವರೆಗೂ ನನಗೆ ತಿಳಿದಿಲ್ಲ. ನಿಜವಾಗಿದ್ದರೆ, ನಾನು ಸುಳ್ಳುಗಾರನೆಂದು ತಿಳಿದೇ ಅವರು ದಿನಾ ಬೆಳಿಗ್ಗೆ ನನ್ನ ಪಕ್ಕ ಬಂದು ಕೂತಿದ್ದರು. ಸುಳ್ಳಾಗಿದ್ದರೆ, ಅವರ ಕೊನೆಯ ಅಂಗಡಿಯನ್ನು ನಾನು ಕಳೆದೆ. ಯಾವ ಬದಿಯಿಂದ ನೋಡಿದರೂ ನನಗೆ ಸಮಾಧಾನವಿಲ್ಲ.

ಹೊರಡುವಾಗ ಸವಿತ ಅವರನ್ನು ಸ್ವಲ್ಪ ನಗಿಸೋಣವೆಂದು ದೀಕ್ಷಾಳನ್ನು ಹಿಡಿದು ಎದುರು ನಿಲ್ಲಿಸಿದಳು. ಹದಿಮೂರರ ಹುಡುಗಿ, ವರ್ಷದಲ್ಲಿ ಗೇಣುದ್ದ ಬೆಳೆದಿದ್ದಳು. ಅವಳ ಮೊದಲ ಲಂಗ ರವಿಕೆಯಿಂದ ಹಿಡಿದು, ಕತ್ತರಿ ಕೆಳಗಿಡುವವರೆಗೆ ಎಲ್ಲ ಹೊಲಿದವರು ಇವರೇ.

"ವಾರಿಜಕ್ಕ, ಈಗ ಇವಳ ಭುಜ ಎಷ್ಟು ಉಂಟು, ಹೇಳಿ ನೋಡುವ."

ವಾರಿಜಕ್ಕ ತಲೆಯೆತ್ತಿದರು. ಅಂಗೈಯಲ್ಲಿ ಒಂದು ಅಡಿಕೆ ಅಲುಗುತ್ತಿತ್ತು. ಅವಳ ಮುಖವನ್ನು ನೋಡಿದರು. ಮುಖವನ್ನೇ ನೋಡುತ್ತಿದ್ದರು. ಭುಜದ ಕಡೆ ಕಣ್ಣು ಹೋಗಲೇ ಇಲ್ಲ.

"ಟೇಪು ಹಿಡಿಯದೆ ಹೇಗೆ ಹೇಳುದು ಮಗಾ?" ಎಂದು ಮತ್ತೆ ಬುಟ್ಟಿಯ ಕಡೆ ಬಾಗಿದರು.

ದೀಕ್ಷಾ ಒಳಗೆ ಹೋಗಿ ಕೇಳಿಕೊಂಡು ಬಂದಳು. ಆ ಮನೆಯಲ್ಲಿ ಟೇಪು ಇರಲಿಲ್ಲ.